ಎಲ್ಲ ರಾತ್ರಿಗೂ ಜೈನೂರಿ

ಇಂಡೊನೇಷ್ಯಾದ ಮಲಾಂಗ್ ಊರಿನ ಆ ಓಣಿಯಲ್ಲಿ ಮನೆಗೊಬ್ಬರಂತೆ ಸರದಿಯ ಮೇಲೆ ರಾತ್ರಿ ಕಾವಲಿಗೆ ಹೋಗಬೇಕು. ಜೈನೂರಿ ಮಾತ್ರ ತನ್ನ ಸರದಿ ಬಂದಾಗಲೆಲ್ಲ ಸೊಂಟ ಹಿಡಿದುಕೊಂಡು ಮಲಗಿಬಿಡುತ್ತಿದ್ದ. ಅವನ ಬದಲಿಗೆ, ಇಲ್ಲವೆನ್ನಲು ಬಾರದ ತರ್ಮಿದಿ ಕೆಮ್ಮುತ್ತ ಹೊರಡುತ್ತಿದ್ದ. ಅಪ್ಪನ ಕೆಮ್ಮು ಕೇಳಿ ಕೇಳಿ ರೋಸಿದ ಮಗಳು ವಿನಾರ್ಸಿ, ಸರದಿ ಹಂಚುವ ಪ್ರೋಗ್ರಾಮನ್ನು ತಾನೇ ಬರೆದಳು. ಓಣಿಯ ಮನೆಗಳೆಲ್ಲ ಡೇಟಾಬೇಸಿನಲ್ಲಿದ್ದವು. ಹೆಸರುಗಳನ್ನು ಸಾಲಾಗಿ ತರಿಸಿ ರಾತ್ರಿಗಳಿಗೆ ಹಂಚಿದರಾಯಿತು.

ಸಭೆಯಲ್ಲಿ ಗೋಡೆಯ ಮೇಲೆ ಪಟ್ಟಿ ಮೂಡಿತು. ಸೋಮವಾರ ಜೈನೂರಿ. ಮಂಗಳವಾರ ಜೈನೂರಿ. ಬುಧವಾರವೂ ಜೈನೂರಿ.

ಕರಿದ ಸೋಯಾ ಟೆಂಪೆ ಅಗಿಯುತ್ತಿದ್ದವರು ಗೋಡೆಯತ್ತ ತಿರುಗಿದರು. ಆಮೇಲೆ ಓಣಿಗೆ ಓಣಿಯೇ ನಕ್ಕಿತು.

"ನಿನ್ನ ಬಾಕಿ ಎಷ್ಟಿದೆ ಅಂತ ಕಂಪ್ಯೂಟರಿಗೂ ಗೊತ್ತಾಗ್ಬಿಟ್ಟಿದೆ ಕಣಯ್ಯಾ!" ಎಂದ ಓಣಿಯ ಮುಖ್ಯಸ್ಥ ಸುಪ್ರಾಪ್ತೊ.

"ಭಾನುವಾರವಾದ್ರೂ ಬಿಡ್ರೋ. ಪಾಪ, ಸೊಂಟ ಇದೆಯಲ್ಲ," ಎಂದಳು ಕಾಫಿ ಅಂಗಡಿಯ ಸುಮಿಯಾತಿ.

ವಿನಾರ್ಸಿಗೆ ತನ್ನ ತಪ್ಪು ಹೊಳೆಯಿತು. ಡೇಟಾಬೇಸಿನಿಂದ ಬಂದ ಪ್ರತಿ ಸಾಲಿಗೂ, ಅದರ ಹೆಸರನ್ನು ಇಡಲು, ಅವಳು ಪ್ರೋಗ್ರಾಮಿನಲ್ಲಿ ಹೊಸದೊಂದು ಬುಟ್ಟಿ ಕೊಡಬೇಕಿತ್ತು. ಬದಲಿಗೆ, ಸಾಲುಗಳನ್ನು ಒಂದೊಂದಾಗಿ ಎತ್ತಿಕೊಳ್ಳುವ ಸುತ್ತಿನ ಹೊರಗೆ ಒಂದೇ ಬುಟ್ಟಿ ಮಾಡಿಟ್ಟು, ಅದನ್ನೇ ಮತ್ತೆ ಮತ್ತೆ ಪಟ್ಟಿಗೆ ಸೇರಿಸಿದ್ದಳು. ಪ್ರತಿ ಹೆಸರೂ ಹಿಂದಿನದನ್ನು ಹೊರದಬ್ಬಿ ಕುಳಿತಿತ್ತು. ಇಂಗ್ಲಿಷ್ ಅಕ್ಷರಕ್ರಮದಲ್ಲಿ 'ಝಡ್'ನಿಂದ ಶುರುವಾಗಿ ಕಟ್ಟಕಡೆಗೆ ಬರುವ ಜೈನೂರಿಯನ್ನು ದಬ್ಬಲು ಯಾರೂ ಉಳಿದಿರಲಿಲ್ಲ. ಬುಟ್ಟಿ ಮಾಡುವ ಆ ಒಂದು ಆಜ್ಞೆಯನ್ನು ಸುತ್ತಿನ ಒಳಕ್ಕೆ ಸರಿಸಿದರೆ ಮುಗಿಯಿತು. ಆದರೆ ತಪ್ಪನ್ನು ಒಪ್ಪಿಕೊಂಡರೆ ಪ್ರೋಗ್ರಾಮು ಮೂಲೆ ಸೇರುತ್ತದೆ, ಅಪ್ಪ ಮತ್ತೆ ಇಬ್ಬನಿಗೆ ಮೈಯೊಡ್ಡುತ್ತಾನೆ. ನಾಲಗೆಯ ತುದಿಗೆ ಬಂದಿದ್ದ ಕ್ಷಮೆಯನ್ನು ಅವಳು ಕಾಫಿಯೊಂದಿಗೆ ನುಂಗಿದಳು.

"ಏನವ್ವಾ ಇದು? ತೆಗಿ ನನ್ನ ಹೆಸರು!" ಜೈನೂರಿ ಎದ್ದು ನಿಂತ.

"ಪೂರ್ತಿ ತೆಗೆಯೋಕಾಗಲ್ಲ ಯಜಮಾನ್ರೇ. ಒಂದು ರಾತ್ರಿ ನೀವೇ ಆರಿಸ್ಕೊಂಡು, ತಪ್ಪಿಸಲ್ಲ ಅಂತ ಎಲ್ಲರ ಮುಂದೆ ಹೇಳಿ. ಮಿಕ್ಕ ರಾತ್ರಿ ಬಿಡೋಕೆ ಈ ಕಂಪ್ಯೂಟರನ್ನ ಹೇಗಾದ್ರೂ ಒಪ್ಪಿಸ್ತೀನಿ."

"ಶನಿವಾರ! ಶನಿವಾರ ನಾನೇ ಬರ್ತೀನಿ!"

"ಸೊಂಟ?" ಎಂದ ಸುಪ್ರಾಪ್ತೊ.

"ವಾಸಿಯಾಯ್ತು!"

ವಿನಾರ್ಸಿ ಬಲು ಕಷ್ಟದ ಕೆಲಸವೆಂಬಂತೆ ಹುಬ್ಬು ಗಂಟಿಕ್ಕಿ ಬುಟ್ಟಿಯನ್ನು ಒಳಕ್ಕೆ ಸರಿಸಿದಳು, ಶನಿವಾರಕ್ಕೆ ಜೈನೂರಿಯನ್ನು ಗಟ್ಟಿಮಾಡಿದಳು. ಗೋಡೆಯ ಮೇಲೆ ಓಣಿಯವರೆಲ್ಲ ಸಾಲಾಗಿ ಬಂದು ನಿಂತರು.

"ಮೊದಲಿನದೇ ಚೆನ್ನಾಗಿತ್ತು," ಎಂದು ಸುಮಿಯಾತಿ ನಿಟ್ಟುಸಿರಿಟ್ಟಳು.

ಶನಿವಾರ ಕತ್ತಲಾಗುತ್ತಲೇ ತರ್ಮಿದಿ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಚಪ್ಪಲಿ ಮೆಟ್ಟಿದ.

"ಅಪ್ಪಾ! ಇವತ್ತು ನಿಮಗೆ ರಜಾ. ಎಲ್ಲಿಗೆ ಹೊರಟ್ರಿ?"

"ಜೈನೂರಿ ಕಾವಲು ಕೂತಿರೋದನ್ನ ನೋಡ್ಬೇಡ್ವೇನೇ? ಇಷ್ಟು ವರ್ಷಕ್ಕೆ ಒಂದು ತಮಾಷೆ ಸಿಕ್ಕಿದೆ, ಅದನ್ನೂ ಮಲಗಿ ಕಳ್ಕೊಳ್ಳಲಾ?"