ಬೆನ್ನ ಹಿಂದಿನ ಮಗ್ಗ

ವಿದ್ಯುತ್ ಮಗ್ಗದ ಶೆಡ್ಡಿನೊಳಗೆ ಮೊದಲ ದಿನ ಕಾಲಿಟ್ಟವನ ತಲೆ ಸಿಡಿಯುತ್ತದೆ. ತಿಂಗಳೊಪ್ಪತ್ತಿನಲ್ಲಿ ಅದೇ ಗದ್ದಲ ಕೇಳಿಸದಂತಾಗುತ್ತದೆ. ಎಡೆಬಿಡದ ಸದ್ದನ್ನು ಮಿದುಳು ಮೂಲೆಗೆ ಸರಿಸಿ, ಅದರಲ್ಲಿ ಬೀಳುವ ಬಿರುಕಿಗಷ್ಟೇ ಕಾವಲು ಕೂರುತ್ತದೆ. ಎಳೆ ಹರಿದರೆ ಮಗ್ಗ ತಾನಾಗಿಯೇ ನಿಲ್ಲುವುದು. ಅಷ್ಟು ಅಬ್ಬರದಲ್ಲೂ ಬೆನ್ನ ಹಿಂದೆ ಹೆಂಡತಿಯ ಮಗ್ಗ ನಿಂತದ್ದು ನೇಕಾರನಿಗೆ ತಿಳಿಯುತ್ತಿತ್ತು. ಎದ್ದು ಹೋಗಿ ಗಂಟು ಹಾಕಿಕೊಡುತ್ತಿದ್ದ.

“ಅವಳ ಮಗ್ಗ ಕೆಮ್ಮಿದ್ರೆ ಇವನಿಗೆ ನೆಗಡಿ!” ಎಂದು ಮೇಸ್ತ್ರಿ ಊಟದ ಹೊತ್ತಿನಲ್ಲಿ ಎಲ್ಲರೆದುರು ಅಣಕಿಸುತ್ತಿದ್ದ.

“ನಿಮ್ಮ ಹೆಂಡ್ತಿ ಕೆಮ್ಮಿದ್ರೂ ನಿಮಗೆ ಕೇಳ್ಸಲ್ವಲ್ಲ, ಅದಕ್ಕೇನಂತೀರಿ?” ಎಂದು ಅವಳೇ ಬಾಯಿ ಮುಚ್ಚಿಸುತ್ತಿದ್ದಳು.

ಆ ಮಧ್ಯಾಹ್ನ ಅವಳ ಮಗ್ಗ ನಿಲ್ಲಲೇ ಇಲ್ಲ. ಅಷ್ಟು ಹದವಾಗಿ ನೂಲು ಜೋಡಿಸಿದ್ದಳು. ಗೋಡೆಗೊರಗಿ ಕುಳಿತಲ್ಲೇ ಅವಳ ಜೀವ ಹೋಗಿತ್ತು; ಮಗ್ಗ ಮಾತ್ರ ಗಜಗಟ್ಟಲೆ ನೇಯುತ್ತ ಹೋಯಿತು. ಬೆನ್ನ ಹಿಂದೆ ಎಲ್ಲವೂ ಕ್ಷೇಮವೆಂದು ನಂಬಿದ ಗಂಡ ತಿರುಗಿಯೂ ನೋಡಲಿಲ್ಲ.

ತಿಥಿ ಮುಗಿಸಿ ಅವನು ಕೆಲಸಕ್ಕೆ ಮರಳಿದಾಗ ಅವಳ ಮಗ್ಗ ಸುಮ್ಮನಿತ್ತು. ಸುತ್ತಲಿನ ಆರ್ಭಟವೆಲ್ಲ ಅಳಿದು ಆ ಒಂದು ಮೌನವೇ ಅವನನ್ನು ಕರೆಯತೊಡಗಿತು. ಕಾಲುಗಳು ತಾವಾಗಿಯೇ ಎದ್ದು, ಅವಳ ಖಾಲಿ ಸ್ಟೂಲಿನ ಮುಂದೆ ಅವನನ್ನು ನಿಲ್ಲಿಸುತ್ತಿದ್ದವು. ಇತ್ತ ನೋಡುವವರಿಲ್ಲದೆ ಅವನ ಮಗ್ಗದ ಬಟ್ಟೆ ಕೆಡುತ್ತಿತ್ತು.

“ಇನ್ನೊಂದು ಥಾನು ಬಟ್ಟೆ ಕೆಟ್ರೆ ನಿನ್ನ ಮಗ್ಗ ಬೇರೆಯವ್ರಿಗೆ ಕೊಡ್ಬೇಕಾಗತ್ತೆ. ಧಣಿಗಳ ಮಾತು, ನಂದಲ್ಲ,” ಎಂದ ಮೇಸ್ತ್ರಿ, ನೆಲ ನೋಡುತ್ತ.

ಮರುದಿನ ನೇಕಾರನ ಮಗಳು ಸೆರಗು ಬಿಗಿದು ಶೆಡ್ಡಿಗೆ ಬಂದಳು. “ಅಮ್ಮನ ಮಗ್ಗ ನಾನು ನಡೆಸ್ತೀನಿ. ಸದ್ದು ಬಂದ್ರೆ ನೀವು ಕೂರ್ತೀರಲ್ಲಪ್ಪ?”

ಮಗ್ಗ ಹೊರಟಿತು. ಸದ್ದಿನ ಬಿರುಕು ಮುಚ್ಚಿಕೊಂಡಿತು. ಅವನ ಹೆಗಲು ಸಡಿಲವಾಯಿತು, ಬೆರಳುಗಳಿಗೆ ಎಳೆ ಸಿಕ್ಕಿತು. ಹಿಂದೆ ಅವಳಿದ್ದಾಳೆ, ಚೆನ್ನಾಗಿದ್ದಾಳೆ ಎಂದಿತು ತಲೆ. ಆ ನೆಮ್ಮದಿಯ ಗುರುತು ಹತ್ತಿದ್ದೇ ತಡ, ಅವನು ಧಡಕ್ಕನೆ ಎದ್ದ. ಆ ಮಧ್ಯಾಹ್ನದ ನೆಮ್ಮದಿಯೂ ಇದೇ ಆಗಿತ್ತು. ಓಡಿಹೋಗಿ ಮಗಳ ಮೂಗಿನ ಬಳಿ ಅಂಗೈ ಹಿಡಿದ.

“ಉಸಿರಾಡ್ತಿದ್ದೀನಪ್ಪ!” ಅವಳು ಕಿವಿಯ ಬಳಿ ಕೂಗಿದಳು. “ಮಗ್ಗ ಓಡ್ತಿದೆಯಲ್ಲ, ಕೇಳಿಸ್ತಿಲ್ವಾ?”

“ಅವತ್ತೂ ಓಡ್ತಾನೇ ಇತ್ತು ಕಣಮ್ಮ.”

ಆ ದಿನ ಅವನು ಎಷ್ಟು ಸಲ ಎದ್ದನೋ! ಸಂಜೆಗೆ ಥಾನು ಕೆಟ್ಟಿತ್ತು. ಮೇಸ್ತ್ರಿ ಅಣಕಿಸಲಿಲ್ಲ, ಅವನ ಮಗ್ಗವನ್ನು ಬೇರೊಬ್ಬನಿಗೆ ಒಪ್ಪಿಸಿ, ಉರುಳೆಗೆ ನೂಲು ಸುತ್ತುವ ಕೆಲಸ ಕೊಟ್ಟ. ಕೂಲಿ ಅರ್ಧ. ನೇಕಾರ ತಕರಾರೆತ್ತದೆ, ನೂಲು ಸುತ್ತಲು ಕೂರುವ ಚಾಪೆಯನ್ನು ಮಗಳ ಎದುರಿಗೆ ಎಳೆದುಕೊಂಡ. ಈಗ ಸುತ್ತುವ ಕೈ ಸುತ್ತುತ್ತಿರುತ್ತದೆ. ಅವಳು ರೆಪ್ಪೆ ಬಡಿಯುವುದನ್ನು ನೋಡುತ್ತ ಕೂರುತ್ತಾನೆ.