ಮುಂಚಕ್ರದ ಲಾಕರ್

"ಓಡಿಸೋಕೆ ಬರದವರಿಗೆ ಎಷ್ಟು ಲಾಕರ್ ಹಾಕಿದ್ರೂ ಅಷ್ಟೇ," ಎಂದ ಅಣ್ಣ. ಹೇಳಿದ್ದು ಮೇಸ್ತ್ರಿಗೆ, ಕೇಳಿಸಬೇಕಾಗಿದ್ದುದು ತಂಗಿಗೆ.

ಜೀಪು ಗ್ಯಾರೇಜಿನ ಗುಂಡಿಯ ಮೇಲೆ ನಿಂತಿತ್ತು. ಗುಂಡಿಯೊಳಗಿದ್ದ ಮೇಸ್ತ್ರಿಯ ತಲೆ ಮಾತ್ರ ಮೇಲೆ ಕಾಣುತ್ತಿತ್ತು. ಅಣ್ಣ ಬಲಗಡೆ, ತಂಗಿ ಎಡಗಡೆ, ನಡುವೆ ಜೀಪು. ಇಬ್ಬರೂ ನೇರವಾಗಿ ಮಾತಾಡಿ ಬಹಳ ದಿನವಾಗಿತ್ತು. ಅಪ್ಪ ಸತ್ತ ಮೇಲೆ ಜೀಪು ಇಬ್ಬರ ಹೆಸರಿಗೂ ಬಂತು. ಗುಡ್ಡದ ಮೇಲಿನ ಮೊಬೈಲ್ ಟವರಿಗೆ ರಿಪೇರಿಯವರನ್ನೂ ಅವರ ಬ್ಯಾಟರಿಗಳನ್ನೂ ಹೊತ್ತೊಯ್ಯುವ ಕೆಲಸ. ಒಂದು ವಾರ ಅವನದು, ಒಂದು ವಾರ ಅವಳದು. ಒಂದೇ ಮನೆಯಲ್ಲಿ ಕೆಳಗೆ ಅವನ ಸಂಸಾರ, ಮೇಲೆ ಅವಳು. ಸೋಮವಾರ ಬೆಳಿಗ್ಗೆ ಜೀಪಿನ ಕೀಲಿ ಮೆಟ್ಟಿಲಿನ ಮೊಳೆಗೆ ನೇತುಬೀಳುತ್ತಿತ್ತು, ಅಷ್ಟೇ ವ್ಯವಹಾರ.

ಮೂರು ವಾರದ ಹಿಂದೆ ಅವಳು ಗುಡ್ಡದ ಕೊರಕಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ಹಿಂದಿನ ಚಕ್ರಗಳಿಗೆ ಅಪ್ಪನ ಕಾಲದಿಂದಲೂ ಲಾಕರ್, ಅಂದರೆ ಎರಡನ್ನೂ ಒಂದಾಗಿ ಬಿಗಿಯುವ ಬೀಗ, ಇತ್ತು. ಆದರೆ ಅವೆರಡೂ ಜೇಡಿಮಣ್ಣಿನಲ್ಲಿ ಜಾರುತ್ತಿದ್ದವು. ಮುಂದಿನ ಎಡಚಕ್ರ ಗಾಳಿಯಲ್ಲಿ ನೇತಾಡುತ್ತ ಗಿರಗಿರನೆ ಸುತ್ತಿತು. ಬಂಡೆಯ ಮೇಲೆ ಗಟ್ಟಿಯಾಗಿ ಕೂತಿದ್ದ ಬಲಚಕ್ರ ಕಲ್ಲಿನಂತೆ ಸುಮ್ಮನಿತ್ತು. ಮುಂದಕ್ಕೂ ಲಾಕರ್ ಇದ್ದಿದ್ದರೆ ಎರಡೂ ಒಟ್ಟಿಗೇ ಸುತ್ತಬೇಕಿತ್ತು, ಗಾಡಿ ಬಂಡೆ ಹಿಡಿದು ಹತ್ತಬೇಕಿತ್ತು. ಹತ್ತಲಿಲ್ಲ. ಹಿಂದಿನಿಂದ ತಳ್ಳಲು ಇಳಿದ, ರಿಪೇರಿಯವರಲ್ಲೊಬ್ಬನಾದ ಲಂಬು ಕಾಲು ಜಾರಿ ಹರಡು ಉಳುಕಿಸಿಕೊಂಡ. ಆರಡಿ ಮೂರಂಗುಲದ ಆಳನ್ನು ಹೆಗಲ ಮೇಲೆ ಕೆಳಗಿಳಿಸುವಷ್ಟರಲ್ಲಿ ಉಳಿದವರಿಗೆ ಸಾಕುಸಾಕಾಗಿತ್ತು.

"ಅವರಿಗೆ ಹೇಳಿ ಮೇಸ್ತ್ರಿ," ಎಂದಳು ತಂಗಿ, "ಚಕ್ರ ಗಾಳೀಲಿದ್ರೆ ಯಾವ ಶೂರ ಕೂತಿದ್ರೂ ಗಾಡಿ ಅಲ್ಲಾಡಲ್ಲ ಅಂತ."

"ಇವಳಿಗೂ ಹೇಳಿ. ಮುಂದೆ ಲಾಕ್ ಮಾಡಿದ್ರೆ ಸ್ಟೀರಿಂಗ್ ಬಗ್ಗಲ್ಲ. ಕೊರಕಲು ದಾಟಿದ ಕೂಡಲೇ ತಿರುವು, ಪಕ್ಕದಲ್ಲಿ ಪ್ರಪಾತ. ಆಕ್ಸಲ್ ಜಾಯಿಂಟ್ ಕಟ್ ಆಯ್ತೋ, ಮುಗೀತು ಕತೆ."

ಮೇಸ್ತ್ರಿ ಕೈ ಒರೆಸಿಕೊಂಡ. "ಇಬ್ಬರು ಹೇಳೋದೂ ನಿಜ. ಅದೇ ತಾಪತ್ರಯ. ಇಬ್ಬರೂ ಒಪ್ಪದೆ ನಾನು ಸ್ಪಾನರ್ ಮುಟ್ಟಲ್ಲ. ನಾಳೆ ಒಬ್ಬರು ಬಂದು ನನ್ನ ಕುತ್ತಿಗೆ ಹಿಡೀತೀರಿ."

ಅಣ್ಣ ಮೊದಲ ಸಲ ಅವಳ ಕಡೆ ತಿರುಗಿದ. "ಎಂಟು ವರ್ಷದಿಂದ ಆ ರಸ್ತೇಲಿ ಓಡಿಸ್ತಿದೀನಿ. ಒಂದೇ ಒಂದು ಸಲ ಸಿಕ್ಕಿಕೊಂಡಿದೀನಾ? ಕೇಳು ಯಾರನ್ನಾದ್ರೂ."

ಅವನು ಸಿಕ್ಕಿಕೊಂಡ ಸುದ್ದಿ ಯಾರೂ ಹೇಳಿರಲಿಲ್ಲ. ಅದನ್ನೇ ಅವಳಿಗೆ ಸಹಿಸಲಾಗಲಿಲ್ಲ.

ಕೇಳು ಅಂದನಲ್ಲ, ಕೇಳಿಯೇಬಿಡೋಣ ಎಂದು ಅವಳು ಲಂಬುವಿನ ಮನೆಗೆ ಹೋದಳು. ಅವನು ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದ. ಬನ್ನಿ ಅನ್ನಲಿಲ್ಲ, ಕೂತ್ಕೊಳ್ಳಿ ಅನ್ನಲಿಲ್ಲ. ಅವಳು ನಿಂತುಕೊಂಡೇ ಕೇಳಿದಳು.

"ನಿಮ್ಮಣ್ಣ ಸಿಕ್ಕಿಕೊಳ್ಳೋದು ಎಲ್ಲಿಂದ ಬಂತು?" ಲಂಬು ಮೂಗಿನಲ್ಲೇ ನಕ್ಕ. "ಕೊರಕಲಿಗಿಂತ ಕೆಳಗೇ ಗಾಡಿ ನಿಲ್ಲಿಸಿಬಿಡ್ತಾರಲ್ಲ. ಇಳೀರಿ ಅಂತಾರೆ. ಅಲ್ಲಿಂದ ನಾವು ಬ್ಯಾಟರಿ ಹೆಗಲಿಗೇರಿಸ್ಕೊಂಡು ನಡೀತೀವಿ."

"ಯಾವಾಗಿಂದ?"

"ಒಂದೂವರೆ ವರ್ಷ ಆಯ್ತು. ಒಂದು ದಿನ ಮಳೆ ಬಂದಿತ್ತು, ತಿರುವಲ್ಲಿ ಗಾಡಿ ಅಂಚಿನವರೆಗೂ ಜಾರ್ತು. ಅವರ ಕೈ ನಡುಗ್ತಿದ್ದದ್ದು ನಾನೇ ನೋಡಿದೀನಿ. ಅವತ್ತಿಂದ ಹತ್ತಿಲ್ಲ."

"ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ?"

"ಹೇಳಿ ಏನಾಗ್ಬೇಕಿತ್ತು? ಅವರ ವಾರ ಹೊರ್ತೀವಿ, ನಿಮ್ಮ ವಾರ ತಳ್ತೀವಿ. ನಮಗೆ ನೀವಿಬ್ಬರೂ ಒಂದೇ." ಅವನು ಬಾಗಿಲಿನ ಕಡೆ ನೋಡಿದ. ಹೊರಡಿ ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಹಿಂದಿರುಗುವಾಗ ಅವಳಿಗೆ ನಾಚಿಕೆಯಾಗಬೇಕಿತ್ತು. ಆಗಿದ್ದು ಖುಷಿ. ಮನೆಗೆ ಹೋಗಿ ಕೆಳಗಿನ ಬಾಗಿಲು ತಟ್ಟಿ ಅಣ್ಣನಿಗೊಬ್ಬನಿಗೇ ಹೇಳಬಹುದಿತ್ತು. ಹಾಗೆ ಮಾಡಲು ಅವಳಿಗೆ ಮನಸ್ಸಿರಲಿಲ್ಲ. ಮಾರನೆಯ ಬೆಳಿಗ್ಗೆ, ಗ್ಯಾರೇಜಿನಲ್ಲಿ ಇನ್ನೂ ನಾಲ್ಕು ಗಾಡಿಯವರು ಟೀ ಕುಡಿಯುತ್ತ ನಿಂತಿದ್ದಾಗ, ಅಣ್ಣ ಬರುವುದನ್ನೇ ಕಾದಳು.

"ಮೇಸ್ತ್ರಿ, ನಮ್ಮಣ್ಣ ಯಾಕೆ ಸಿಕ್ಕಿಕೊಳ್ಳಲ್ಲ ಗೊತ್ತಾ? ಕೊರಕಲು ಕಂಡ ಕೂಡಲೇ ಬ್ರೇಕ್ ಹಾಕ್ತಾನೆ. ಒಂದೂವರೆ ವರ್ಷದಿಂದ ಮೇಲಕ್ಕೆ ಹತ್ತೇ ಇಲ್ಲ. ಜನರ ಹೆಗಲ ಮೇಲೆ ಬ್ಯಾಟರಿ ಹೊರಿಸಿ, ತಾನು ಸೀಟಲ್ಲಿ ಕೂತು ಕಾಯ್ತಾನೆ."

ಟೀ ಲೋಟಗಳು ತುಟಿಯ ಹತ್ತಿರವೇ ನಿಂತವು. ಯಾರೋ ಕಿಸಕ್ಕೆಂದರು. ಅಣ್ಣನ ಮುಖ ಕೆಂಪಾಗಲಿಲ್ಲ, ಬಿಳಿಚಿಕೊಂಡಿತು.

"ಹೌದು, ಇಳಿಸ್ತೀನಿ," ಎಂದ ನಿಧಾನಕ್ಕೆ. "ನಾನು ಇಳಿಸಿದವರಲ್ಲಿ ಒಬ್ಬರ ಕಾಲೂ ಉಳುಕಿಲ್ಲ. ನೀನು ಕೂರಿಸಿಕೊಂಡು ಹೋದವನು ಮನೇಲಿ ಬಿದ್ದಿದಾನೆ."

ಅದು ನೆಟ್ಟಗೆ ನಾಟಿತು. ಅವಳು ಬಾಯಿ ತೆರೆಯುವ ಮೊದಲೇ ಅವನು ಜೇಬಿನಿಂದ ಕೀಲಿ ತೆಗೆದು ಬಾನೆಟ್ಟಿನ ಮೇಲೆ ಎಸೆದ. ಅದು ಜಾರಿ ಗುಂಡಿಯೊಳಗೆ, ಮೇಸ್ತ್ರಿಯ ಕಾಲ ಬಳಿ ಬಿತ್ತು.

"ಹಾಕ್ಸ್ಕೋ. ಮುಂದೆ ಹಾಕ್ಸ್ಕೋ, ಹಿಂದೆ ಹಾಕ್ಸ್ಕೋ, ತಲೆ ಮೇಲೂ ಒಂದು ಹಾಕ್ಸ್ಕೋ. ನನ್ನ ವಾರಾನೂ ನೀನೇ ಓಡಿಸು."

ಅವನು ಹೋದ ಮೇಲೆ ಮೇಸ್ತ್ರಿ ಕೀಲಿ ಎತ್ತಿಕೊಟ್ಟ. "ಇಷ್ಟು ಜನರ ಮುಂದೆ ಬೇಕಿತ್ತೇನಮ್ಮಾ?"

"ಬೇಕಿತ್ತು," ಎಂದಳು.

ಲಾಕರ್ ಕೂರಿಸಲು ಎರಡು ದಿನ ಹಿಡಿಯಿತು. ಮೇಸ್ತ್ರಿ ಸ್ವಿಚ್ಚು ತೋರಿಸಿ ಮೂರು ಸಲ ಹೇಳಿದ: ನಡೆಯುವ ವೇಗದಲ್ಲಿ ಮಾತ್ರ ಹಾಕು, ನೇರಕ್ಕಿದ್ದಾಗ ಮಾತ್ರ ಹಾಕು, ತಿರುವಿಗೆ ಮೊದಲೇ ತೆಗೆ. ಕೊನೆಯದು ಅಣ್ಣ ಹೇಳಿದ್ದೇ, ಒಂದು ಚೂರೂ ಹೆಚ್ಚುಕಡಿಮೆಯಿಲ್ಲ.

ಮುಂದಿನ ವಾರ ಲಂಬು ಕೆಲಸಕ್ಕೆ ಬಂದ. ಕೊರಕಲಿನ ಕೆಳಗೆ ತಾನಾಗಿಯೇ ಇಳಿದ, ಉಳಿದಿಬ್ಬರನ್ನೂ ಇಳಿಸಿದ. "ನೀವು ದಾಟಿ ತೋರ್ಸಿ, ಆಮೇಲೆ ಹತ್ತೀವಿ." ಅವಳು ಎರಡೂ ಲಾಕರ್ ಹಾಕಿ ಗಾಡಿ ಬಿಟ್ಟಳು. ಎಡಚಕ್ರ ಮತ್ತೆ ಗಾಳಿಗೇರಿತು. ಈ ಸಲ ಬಲಚಕ್ರ ಬಂಡೆಯನ್ನು ಕಚ್ಚಿ ಹಿಡಿಯಿತು. ಜೀಪು ನರಳುತ್ತ ಮೇಲೆದ್ದಿತು. ಆದರೆ ಖುಷಿಯಲ್ಲಿ ಸ್ವಿಚ್ಚು ತೆಗೆಯಲು ಒಂದು ಗಳಿಗೆ ತಡವಾಯಿತು. ತಿರುವಿನಲ್ಲಿ ಸ್ಟೀರಿಂಗ್ ಗೋಡೆಯಲ್ಲಿ ಹೂತಿಟ್ಟಂತೆ ನಿಂತುಬಿಟ್ಟಿತು. ಗಾಡಿ ನೇರವಾಗಿ ಅಂಚಿನ ಕಡೆಗೇ ಹೊರಟಿತು. ಅವಳು ಬ್ರೇಕಿನ ಮೇಲೆ ನಿಂತೇಬಿಟ್ಟಳು. ಸ್ವಿಚ್ಚು ತೆಗೆದು, ಒಂದು ಮಾರು ಹಿಂದೆ ಬಂದು ತಿರುಗಿಸಿಕೊಂಡಳು. ಕೈ ನಡುಗುತ್ತಿತ್ತು. ಲಂಬು ನಡೆದು ಬರುವಷ್ಟರಲ್ಲಿ ಅದನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು.

ತಿಂಗಳಾಗುವುದರೊಳಗೆ ಅಣ್ಣ ಜೀಪಿನಿಂದ ತನ್ನ ಹೆಸರು ತೆಗೆಸುತ್ತೇನೆಂದು ಅತ್ತಿಗೆಯ ಬಾಯಲ್ಲಿ ಹೇಳಿಕಳಿಸಿದ. ವಾಹನ ಕಚೇರಿಯಲ್ಲಿ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು. ಗುಮಾಸ್ತ ಅರ್ಜಿ ನೋಡಿ ಕೇಳಿದ: "ಕಾರಣ ಏನು ಬರೀಲಿ?"

"ನನಗೆ ಆ ರಸ್ತೆ ಕಂಡ್ರೆ ಭಯ," ಎಂದ ಅಣ್ಣ. ಸುತ್ತ ನಿಂತವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. "ಬರ್ಕೊಳ್ಳಿ."

"ಹಾಗೆಲ್ಲ ಬರೆಯೋಕಾಗಲ್ಲ ಸ್ವಾಮಿ. ಸ್ವಂತ ಇಚ್ಛೆ ಅಂತ ಹಾಕ್ತೀನಿ."

ತಂಗಿ ತಲೆ ತಗ್ಗಿಸಿ ಸಹಿ ಹಾಕಿದಳು. ತನಗೂ ಆ ತಿರುವಿನಲ್ಲಿ ಭಯವಾಗಿತ್ತೆಂದು ಹೇಳಬೇಕೆಂದುಕೊಂಡಿದ್ದಳು. ಹೊರಗೆ ಬಂದ ಮೇಲೆ ಬಾಯಿಂದ ಹೊರಟಿದ್ದು ಇಷ್ಟೇ: "ಹತ್ತು, ಮನೆ ಹತ್ರ ಬಿಡ್ತೀನಿ."

"ನೀನು ಓಡಿಸೋ ಗಾಡೀಲಾ?" ಎಂದ ಅಣ್ಣ. ಚಪ್ಪಲಿ ಸರಿಮಾಡಿಕೊಂಡು ಬಿಸಿಲಲ್ಲಿ ನಡೆದೇ ಹೊರಟ.

ಅವಳು ಜೀಪು ಶುರುಮಾಡಿದಳು. ಅವನ ಪಕ್ಕದಲ್ಲೇ, ಧೂಳೆಬ್ಬಿಸಿಕೊಂಡು, ವೇಗ ತಗ್ಗಿಸದೆ ಹಾದುಹೋದಳು.