ಕೈಗುಣದ ಮೊಹರು

ನಾನೊಂದು ರಬ್ಬರ್ ಮೊಹರು. ರಬ್ಬರ್ ಕೊರೆದದ್ದು ರಾಮನಗರದ ಗೂಡಂಗಡಿಯಲ್ಲಿ. ಹಿಡಿಯನ್ನು ಮಾತ್ರ ಚನ್ನಪಟ್ಟಣದ ತಿಮ್ಮಾಜಮ್ಮ ತಾವೇ ಲೇತಿಗೆ ಕೊಟ್ಟು ಕಡೆದು, ಕೆಂಪು ಅರಗು ಹಚ್ಚಿದರು. ನನ್ನ ಮೈಮೇಲೆ ಅವರ ಬೊಂಬೆ ಕಾರ್ಖಾನೆಯ ಹೆಸರಿತ್ತು. ಗಂಡ ಸತ್ತ ಮೇಲೆ ಅವರೊಬ್ಬರೇ ಕಟ್ಟಿದ ಕಾರ್ಖಾನೆ ಅದು.

ವಿಧವೆಯರನ್ನು ಶುಭಕ್ಕೆ ಕರೆಯದ ಬೀದಿ, ಇವರ ಕೈಗುಣಕ್ಕೆ ಮಾತ್ರ ಬಾಗಿಲಲ್ಲಿ ಕಾಯುತ್ತಿತ್ತು. ಯಾರ ಮೊದಲ ಆರ್ಡರೇ ಇರಲಿ, ಕಾಗದದ ಮೇಲೆ ಅವರು ನನ್ನನ್ನು ಒತ್ತಿಕೊಡಬೇಕು. ನನಗೂ ಜಂಭ ಬಂದಿತ್ತು ಬಿಡಿ.

ಮೈದುನ ಪುಟ್ಟಲಿಂಗಯ್ಯ ಬೊಂಬೆಗಳನ್ನು ಹೊರದೇಶಕ್ಕೆ ಮಾರುವ ಕಂಪನಿ ತೆಗೆದ. ಮೊದಲ ಒಪ್ಪಂದಕ್ಕೆ ಸಹಿ ಹಾಕಿ, ಅತ್ತಿಗೆಯ ಮುಂದೆ ಹಿಡಿದ. ಸಹಿಯ ಪಕ್ಕದಲ್ಲೇ ಅವರು ನನ್ನನ್ನು ಒತ್ತಿದರು. ಜಗಳ ಬಂದರೆ ಸಿಂಗಾಪುರದ ಪಂಚಾಯ್ತಿದಾರರೇ ತೀರ್ಮಾನಿಸಬೇಕೆಂದು ಅದೇ ಹಾಳೆಯಲ್ಲಿ ಇಂಗ್ಲಿಷಿನಲ್ಲಿತ್ತು. ತಿಮ್ಮಾಜಮ್ಮನವರಿಗೆ ಅದನ್ನು ಓದಲು ಬರುತ್ತಿರಲಿಲ್ಲ.

ತಿಮ್ಮಾಜಮ್ಮ ಅಪ್ಪಟ ಅರಗು ಹಚ್ಚಿದ ಮರದ ಬೊಂಬೆಗಳನ್ನೇ ಮಾಡಿಕೊಟ್ಟರು. ಮೈದುನ ಹೊಳಪಿಗೆಂದು ಮೇಲೆ ಅಗ್ಗದ ಬಣ್ಣ ಬಳಿಸಿದ. ಹೊರದೇಶದ ಮಕ್ಕಳ ಬಾಯಿಗೆ ಆ ಬಣ್ಣ ಹತ್ತಿ ಕಾಯಿಲೆಯಾಯಿತು. ಅವನು ಕಂಪನಿ ಮುಚ್ಚಿ ಕೈತೊಳೆದುಕೊಂಡ. ಪರಿಹಾರ ಕೇಳಿ ಬೊಂಬೆ ಕೊಂಡ ಕಂಪನಿಯ ನೋಟಿಸು ಅತ್ತಿಗೆಯ ಮನೆಗೆ ಬಂತು.

"ನಾನ್ ಸೈನೇ ಹಾಕಿಲ್ವಲ್ಲ ಸ್ವಾಮಿ. ಒಳ್ಳೇದಾಗ್ಲಿ ಅಂತ ಒತ್ತಿದ್ದು," ಎಂದರು ವಕೀಲರಿಗೆ.

"ಒತ್ತಿದೀರಿ, ಬೊಂಬೇನೂ ನೀವೇ ಮಾಡ್ಕೊಟ್ಟಿದೀರಿ. ನೀವೂ ಒಪ್ಪಂದಕ್ಕೆ ಸೇರ್ದೋರೇ ಅಂತಾರಮ್ಮ ಅವರು."

ಬಣ್ಣ ಬಳಿಸಿದ್ದು ಮೈದುನನೆಂದು ಕೆಲಸಗಾರರ ಸಾಕ್ಷಿ ಇಟ್ಟು ಕಾರ್ಖಾನೆ ಉಳಿಸಿಕೊಳ್ಳಲು, ಇಲ್ಲೇ ವಿಚಾರಣೆ ಆಗಲೆಂದು ತಿಮ್ಮಾಜಮ್ಮ ಬೇಡಿಕೊಂಡರು. ಇಲ್ಲಿಯ ಕೋರ್ಟು ಸಿಂಗಾಪುರಕ್ಕೇ ಹೋಗಿ ಎಂದಿತು. ಆ ಹಾಳೆಯ ನಕಲಿನ ಮೇಲೆ ನಕಲು ಬಂತು. ಪ್ರತಿಯೊಂದರಲ್ಲೂ ನನ್ನದೇ ನೀಲಿ ದುಂಡು, ಓಡಿಸಿದರೂ ಹೋಗದ ದೆವ್ವದ ಹಾಗೆ. ನನಗೆ ನನ್ನನ್ನೇ ಕಂಡರೆ ಭಯವಾಗತೊಡಗಿತು. ಅಷ್ಟು ದೂರ ಸಾಕ್ಷಿಗಳನ್ನು ಕರೆದೊಯ್ಯಲು ಆಗಲಿಲ್ಲ. ತೀರ್ಪು ಬಂದ ಮೇಲೆ ಲೇತುಗಳು ಒಂದೊಂದಾಗಿ ಲಾರಿ ಹತ್ತಿದವು.

ಈಗ ನಾನು ದೇವರ ಗೂಡಿನ ಮೂಲೆಯಲ್ಲಿದ್ದೇನೆ. ಮಸಿ ಒಣಗಿ ಎಷ್ಟೋ ವರ್ಷವಾಯಿತು. ಆದರೂ ಅವರ ಅಂಗೈ ನನ್ನ ನೆತ್ತಿಯನ್ನು ಒತ್ತಿದಂತಾಗಿ ಬೆಚ್ಚಿಬೀಳುತ್ತೇನೆ.

ಮೊನ್ನೆ ಮೊಮ್ಮಗಳು ಹೊಲಿಗೆ ಅಂಗಡಿ ಹಾಕಲು ಹೊರಟಳು. ಮೊದಲ ರಸೀದಿ ಪುಸ್ತಕ ತಂದು ಅಜ್ಜಿಯ ಮುಂದೆ ಹಿಡಿದಳು.

"ಒಂದ್ಸಲ ಮುಟ್ಕೊಡಜ್ಜಿ."

ತಿಮ್ಮಾಜಮ್ಮ ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು.